ಸೋತ ಅಧ್ಯಕ್ಷರು

ಮೇಷ್ಟ್ರದು ಕೊಕ್ಕರೆಯಂತೆ ಉದ್ದನೆಯ ಕತ್ತು. ಪಾಠ ಮಾಡುವಾಗ ಗಂಟಲ ಗಂಟು ಮೇಲೆ ಕೆಳಗೆ ಓಡಾಡುತ್ತಿತ್ತು; ಸಿಟ್ಟು ಬಂದರೆ ನಿಂತುಬಿಡುತ್ತಿತ್ತು, ನಾವು ಉಸಿರು ಬಿಗಿಹಿಡಿಯುತ್ತಿದ್ದೆವು. ಬಂಗಾರಪೇಟೆಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿ ನಿವೃತ್ತರಾದವರು, ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ, ಕಾರ್ಮಿಕರ ಸಾಲುಮನೆಗಳ ಲೈನಿನಲ್ಲೇ ಉಳಿದಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರಿಗಿದ್ದದ್ದು ಲೈನಿನ ಕೊನೆಯಲ್ಲಿದ್ದ, ಎಲ್ಲರಿಗೂ ಸೇರಿದ ಹಳೇ ಕೊಠಡಿ, ಸಂಜೆ ಅಲ್ಲಿ ಪುಕ್ಕಟೆ ಪಾಠಕ್ಕೆ ಸೇರುವ ನಾವು, ಅಷ್ಟೆ.

ಅಮೆರಿಕದ ಸರ್ಕಾರವೆಂದರೆ ಅವರಿಗೆ ಹುಚ್ಚು. ಆ ದೇಶ ನೋಡಿದವರಲ್ಲ, ನೋಡುವ ಆಸೆಯೂ ಇರಲಿಲ್ಲ. ಅಲ್ಲಿನ ಮೇಲ್ಮನೆ ಸೆನೆಟ್ಟಿನ ಪಾಠಕ್ಕೆ ನಮ್ಮ ಲೈನುಗಳೇ ಸಾಕಾಗುತ್ತಿದ್ದವು. ಒಂದೊಂದು ಲೈನೂ ಒಂದೊಂದು ರಾಜ್ಯ. ಉದ್ದನೆಯ ಲೈನಿಗೂ ಇಬ್ಬರು, ಮೋಟು ಲೈನಿಗೂ ಇಬ್ಬರು. ಕೆಳಮನೆಗೆ ಮಾತ್ರ ತಲೆ ಎಣಿಸಿ ಕಳಿಸಬೇಕು. ದೊಡ್ಡ ಅಧಿಕಾರಿಗಳನ್ನು ಅಧ್ಯಕ್ಷ ಆರಿಸಿದರೂ ಸೆನೆಟ್ ಒಪ್ಪಬೇಕು ಎನ್ನುವಾಗ, ತಾವೇ ಆ ಕಾನೂನು ಮಾಡಿದವರಂತೆ ಬೀಗುತ್ತಿದ್ದರು.

ಲೈನಿನವರು ಸಂಘ ಕಟ್ಟಿ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದಾಗ, ಅಲ್ಲಿನ ಒಂದು ನಿಯಮವನ್ನು ಇಲ್ಲಿಗೂ ತಂದರು. ಸಭೆಯ ತೀರ್ಮಾನವನ್ನು ಅಧ್ಯಕ್ಷರು ತಡೆಯಬಹುದು. ಆದರೆ ಮೂರರಲ್ಲಿ ಎರಡು ಪಾಲು ಜನ ಮತ್ತೆ ಕೈ ಎತ್ತಿದರೆ ಅಧ್ಯಕ್ಷರ ಮಾತು ಬಿದ್ದಂತೆ. ನೀವು ಬೇಡವೆಂದ ಮೇಲೆ ಮತ್ತೇಕೆ ಕೈ ಎತ್ತಬೇಕೆಂದು ಸಂಘದ ಕಾರ್ಯದರ್ಶಿ ತಕರಾರು ತೆಗೆದ. ಮೇಷ್ಟ್ರು ಜಗ್ಗಲಿಲ್ಲ.

ಆ ಮಳೆಗಾಲದಲ್ಲಿ ಗಣಿಯಲ್ಲಿ ದುಡಿದಿದ್ದ ಮುದುಕರೊಬ್ಬರು ಎದೆರೋಗದಿಂದ ಸತ್ತರು. ಒಂದೇ ಕೋಣೆಯ ಮನೆ. ಹೆಣವನ್ನು ಬೀದಿಯಲ್ಲಿ ಟಾರ್ಪಾಲಿನ ಕೆಳಗೆ ಬೆಂಚಿನ ಮೇಲಿಟ್ಟರು. ಬೆಂಚಿನಡಿ ಕೆಸರುನೀರು ಹರಿಯುತ್ತಿತ್ತು. ಮುಂದಿನ ಸಭೆಯಲ್ಲಿ, ಕೊಠಡಿಯನ್ನು ಸತ್ತವರನ್ನು ಮಲಗಿಸಲು ಬಿಡಬೇಕೆಂದು ತೀರ್ಮಾನವಾಯಿತು. ಹೆಣ ಮಲಗಿದ ಜಾಗಕ್ಕೆ ಯಾವ ತಾಯಿಯೂ ಮಕ್ಕಳನ್ನು ಸಂಜೆ ಕಳಿಸುವುದಿಲ್ಲ. ಪಾಠ ನಿಂತುಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಮೇಷ್ಟ್ರು ತಡೆದರು. ಮಕ್ಕಳಿಗೆ ಬೇರೆ ಸೂರಿಲ್ಲ ಎಂದರು. ಸತ್ತವರಿಗೂ ಇಲ್ಲ ಎಂದು ಮುದುಕರ ಹೆಂಡತಿ ಕೂತಲ್ಲಿಂದಲೇ ಹೇಳಿದರು. ಮತ್ತೆ ಕೈ ಎತ್ತಿಸಿದಾಗ ಎರಡು ಪಾಲು ದಾಟಿತು. ಮೇಷ್ಟ್ರು ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಕಾರ್ಯದರ್ಶಿಗೆ ಅದನ್ನು ನೋಡಲಾಗಲಿಲ್ಲ.

"ಬುಡಿ ಸಾರ್. ರೂಲ್ನ ಅತ್ಲಾಗ್ ಮಡಚಿಕ್ಕಾಣ. ರೂಮು ನಿಮ್ದೇ."

"ಬ್ಯಾಡಪ್ಪಾ. ನಾನ್ ಸೋತೆ ಅಂತ ಇವತ್ತು ಮಡಚಿಕ್ಕಿದ್ರೆ, ನಾಳೆ ಇನ್ನೊಬ್ಬ ಸೋತಾಗ ಯಾವ್ ಮಕ ಇಟ್ಕಂಡು ತೆಗೀತೀಯಾ?"

ಬೆಂಚುಗಳನ್ನು ಅವರೇ ನಿಂತು ಹೊರಹಾಕಿಸಿದರು. ಆಮೇಲೆ ಕೆಲವು ದಿನ ಮನೆಯ ಮುಂದೆ ಪಾಠ ನಡೆಸಿ ನೋಡಿದರು. ಮೋಟಾರ್ ಬೈಕುಗಳ ಗದ್ದಲ, ಮಳೆ. ಹುಡುಗರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಮೇಷ್ಟ್ರು ಮಾತು ಕಡಿಮೆ ಮಾಡಿದರು, ಊಟವನ್ನೂ.

ಅವರು ತೀರಿಹೋದ ಸುದ್ದಿ ತಿಳಿದು, ಆಗ ನಾನಿದ್ದ ಬಂಗಾರಪೇಟೆಯಿಂದ ಓಡಿ ಬಂದೆ. ಅದೇ ಕೊಠಡಿಯಲ್ಲಿ ಮಲಗಿಸಿದ್ದರು. ಹೊರಗೆ ಜೋರು ಮಳೆ, ಒಳಗೆ ಒಂದು ಹನಿಯೂ ಇಲ್ಲ. ಲೈನಿನವರ ತೀರ್ಮಾನ ತಪ್ಪಾಗಿತ್ತೆಂದು ಹೇಳಲು ನನಗೆ ಬಾಯಿಲ್ಲ. ಆದರೂ ಸಂಕಟ ಕಡಿಮೆಯಾಗಿಲ್ಲ.

ಈಗ ಅವರಿದ್ದ ಕಾಲೇಜಿನಲ್ಲಿ ಅದೇ ಪಾಠವನ್ನು ನಾನು ಮಾಡುತ್ತೇನೆ. ಅವರಿಂದಲೇ ದಕ್ಕಿದ ಅನ್ನ ಇದು. ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ಯಾವ ಊರು, ಯಾವ ಲೈನು ಎಂದು ಕೇಳುತ್ತೇನೆ. ಕೊಠಡಿ ಹೋದ ಮೇಲೆ ನಮ್ಮ ಲೈನಿನಿಂದ ಒಬ್ಬರೂ ಬಂದಿಲ್ಲ.