ಅಪ್ಪನ ಕೋಕೋ, ಅತ್ತೆಯ ಹಿಂಡಿ

ಬಿಸಿ ಜೋಳದ ರೊಟ್ಟಿಯ ಪಕ್ಕ ಅತ್ತೆ ಬಡಿಸಿದ ಕಂದು ಪುಡಿಯ ಘಮ ಬಡಿದದ್ದೇ, ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಪುತ್ತೂರಿನಿಂದ ಸೇಡಂನ ನನ್ನ ಗಂಡನ ಮನೆಗೆ ಅವರೇ ಹಿಂದಿನ ದಿನ ಹೊತ್ತು ತಂದಿದ್ದ ಕೋಕೋ ಬೀಜವದು! ಅಜ್ಜ ನೆಟ್ಟ ಗಿಡಗಳದ್ದು. ಬಾಳೆಎಲೆ ಮುಚ್ಚಿ ಹುಳಿ ಬರಿಸಿ, ಅಪ್ಪನೇ ಬಿಸಿಲಿಗೆ ಹೊರಳಿಸಿ ಒಣಗಿಸಿದ್ದು. ಚಾಕೊಲೇಟ್ ಮಾಡುವವರು ಮನೆ ಬಾಗಿಲಿಗೇ ಬಂದು ಒಯ್ಯುವಂಥ ಮಾಲು.

“ಭಾಳ ಕಹಿ ಇದ್ವುರಿ ಬೀಗ್ರ. ಹುರದು, ಬಳ್ಳೊಳ್ಳಿ, ಖಾರ ಹಾಕಿ ಹಿಂಡಿ ಕುಟ್ಟೀನಿ. ಉಣ್ರಿ,” ಎಂದರು ಅತ್ತೆ. ಹಿಂಡಿಯೆಂದರೆ ಚಟ್ನಿಪುಡಿ; ಈ ಕಡೆ ಶೇಂಗಾಕ್ಕೆ ಮಾಡುವ ಮರ್ಯಾದೆಯನ್ನೇ ಕೋಕೋಗೂ ಮಾಡಿದ್ದರು.

ನಾನು ತಲೆ ಎತ್ತಲಿಲ್ಲ. ಅಪ್ಪ ಒಂದು ತುತ್ತು ಬಾಯಿಗಿಟ್ಟರು. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೋ ಸಂಕಟಕ್ಕೋ ತಿಳಿಯಲಿಲ್ಲ. ಆ ರೊಟ್ಟಿ ಮುಗಿಸಿ ತಟ್ಟೆ ಮುಂದೆ ಸರಿಸಿ, “ಇನ್ನೊಂದು ರೊಟ್ಟಿ ಹಾಕಿ,” ಎಂದರು.

ಈಗ ಅಪ್ಪ ಹಿಂಡಿಗೆಂದೇ ಬೀಜ ಕಳಿಸುತ್ತಾರೆ; ಫೋನ್ ಮಾಡಿದರೆ ಮೊದಲು ಕೇಳುವುದು ಅತ್ತೆಯನ್ನು. “ಬೀಜ ಇನ್ನೊಂದೀಟು ಒಣಗಸ್ರಿ, ಹಿಂಡಿ ಮುದ್ದಿ ಆಗ್ಲಿಕತ್ತದ,” ಎಂದು ಅತ್ತೆ ಗದರುತ್ತಾರೆ. ಕೊಳ್ಳುವವರಿಂದ ಒಂದು ಮಾತೂ ಕೇಳಿಸಿಕೊಳ್ಳದ ನಮ್ಮಪ್ಪ, “ಆಯ್ತು, ಆಯ್ತು,” ಎನ್ನುತ್ತಾರೆ.