ಡ್ರಾಫ್ಟಿನಲ್ಲಿ ಸಿಕ್ಕ ಅತ್ತೆ

ಮೂಡಿಗೆರೆಯಲ್ಲಿ ಕಾಫಿ ಹುರಿದು ಮಾರುವ ಸಣ್ಣ ಅಂಗಡಿ ನನ್ನದು. ಬೆಳೆಗಾರರ ಸಂಘದ ರುಚಿ ಸ್ಪರ್ಧೆಗೆ ತೀರ್ಪುಗಾರಳಾಗಿ ಬನ್ನಿ ಎಂದು ಮೊದಲ ಸಲ ಕರೆ ಬಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಲ್ಲಿ ಯಾವ ಕಪ್ ಯಾರ ತೋಟದ್ದೆಂದು ರುಚಿ ನೋಡುವವರಿಗೆ ಗೊತ್ತಿರಕೂಡದು. ಕಪ್ಪಿನ ಮೇಲೆ ಬರೀ ಒಂದು ನಂಬರ್ ಇರುತ್ತದೆ. ಜಾವಳಿಯ ನನ್ನ ಸೋದರತ್ತೆಯೂ ಆ ವರ್ಷ ಕಾಫಿ ಕಳಿಸಿದ್ದರು. ಅಲ್ಲಿಯವರೆಗೆ ಅವರ ಕಾಫಿಹಣ್ಣು ವ್ಯಾಪಾರಿಯ ರಾಶಿಯಲ್ಲಿ ಬೆರೆತುಹೋಗುತ್ತಿತ್ತು. ಗೆದ್ದ ಮೂರು ತೋಟಗಳ ಕಾಫಿ ಆಯಾ ತೋಟದ ಹೆಸರಲ್ಲೇ ಮಾರಾಟವಾಗುತ್ತದೆ. ಅತ್ತೆಗೆ ಬೇಕಿದ್ದುದು ಅದೊಂದೇ.

ಹಿಂದಿನ ದಿನ ಮಧ್ಯಾಹ್ನ, ಎಷ್ಟು ಹೊತ್ತಿಗೆ ಹೋಗಬೇಕೆಂದು ನೋಡಲು ಸಂಘದ ವೆಬ್‌ಸೈಟ್ ತೆರೆದೆ. ಪುಟದ ವಿಳಾಸದ ಕೊನೆಯಲ್ಲೊಂದು ಸಂಖ್ಯೆಯಿತ್ತು. ನನ್ನ ಕೈ ಸುಮ್ಮನಿರುವ ಕೈಯಲ್ಲ. ಅದರ ಮುಂದಿನ ಸಂಖ್ಯೆ ಹಾಕಿ ನೋಡಿದೆ. ಅತ್ತೆ ಪ್ರತ್ಯಕ್ಷರಾದರು! ಕಾಫಿ ಒಣಗಿಸುವ ಕಣದಲ್ಲಿ ನಿಂತು, ತಟ್ಟೆ ತುಂಬ ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಬೀಜ ಹಿಡಿದು ನಗುತ್ತಿದ್ದರು. ಮೇಲೆ ಅವರ ಕಪ್ಪಿನ ನಂಬರ್.

ಸುಳ್ಳೇಕೆ, ಹೆದರಿಕೆಗಿಂತ ಖುಷಿಯೇ ಹೆಚ್ಚಿತ್ತು. ಇನ್ನೊಂದು ಸಂಖ್ಯೆ ಹಾಕಿದೆ, ಇನ್ನೊಂದು ತೋಟ. ಮತ್ತೊಂದು ಹಾಕಿದೆ, ಕಳಸದ ದೊಡ್ಡ ಎಸ್ಟೇಟಿನವರು. ನನ್ನ ಅಂಗಡಿಯ ವೆಬ್‌ಸೈಟೂ ಅದೇ ಸಾಫ್ಟ್‌ವೇರಿನಲ್ಲಿ ನಡೆಯುವುದರಿಂದ ಸಂಗತಿ ಬೇಗ ಹೊಳೆಯಿತು. ಅದರ ಹಳೆಯ ಆವೃತ್ತಿ, ಪ್ರಕಟಿಸದ ಪುಟವನ್ನು ಕೇಳುತ್ತಿರುವವರು ಯಾರೆಂದು ವಿಚಾರಿಸದೆ ಎಲ್ಲರಿಗೂ ತೋರಿಸಿಬಿಡುತ್ತಿತ್ತು. ಸರಿಪಡಿಸಿದ ಆವೃತ್ತಿ ಬಂದು ಎಷ್ಟೋ ಕಾಲವಾಗಿತ್ತು. ಸಂಘದವರು ಹಾಕಿಕೊಂಡಿರಲಿಲ್ಲ, ಅಷ್ಟೆ.

ಆಮೇಲೆ ಖುಷಿ ಇಳಿಯಿತು. ಅತ್ತೆ ಗೆದ್ದು, ಈ ತೂತಿನ ಸುದ್ದಿ ಹೊರಬಿದ್ದರೆ, ಅಣ್ಣನ ಮಗಳು ನಂಬರ್ ನೋಡಿ ಗೆಲ್ಲಿಸಿದಳು ಎಂದು ಊರೇ ಆಡಿಕೊಳ್ಳುತ್ತದೆ. ಅವರ ಕಾಫಿಯ ಹೆಸರು ಹುಟ್ಟುವ ಮೊದಲೇ ಕೆಡುತ್ತದೆ. ಸ್ಕೂಟರ್ ಹತ್ತಿ ಸಂಘದ ಕಾರ್ಯದರ್ಶಿಗಳ ಎಸ್ಟೇಟಿಗೆ ಹೊರಟೆ.

ಕಾರ್ಯದರ್ಶಿಗಳು ಹಿರಿಯ ಪ್ಲಾಂಟರ್, ಬಲು ಜಾಗ್ರತೆಯ ಮನುಷ್ಯ. ಫಲಿತಾಂಶದ ಹೊತ್ತಿಗೇ ನಮ್ಮ ಕಡೆ ನೆಟ್‌ವರ್ಕ್ ಕೈಕೊಡುತ್ತದೆಂದು ಎಲ್ಲ ಪುಟಗಳನ್ನೂ ಮುಂಚೆಯೇ ಫೋಟೋ ಸಮೇತ ಏರಿಸಿಟ್ಟಿದ್ದರು. ಆ ಜಾಗ್ರತೆಯೇ ಎಡವಟ್ಟಾಗಿತ್ತು.

“ಅದು ಡ್ರಾಫ್ಟಲ್ಲಿದೆ ಮಾರಾಯ್ತಿ, ನಾನಿನ್ನೂ ಪಬ್ಲಿಷ್ ಒತ್ತೇ ಇಲ್ಲ,” ಎಂದರು.

ಲಾಗಿನ್ ಆಗಿರದ ಅವರ ಹೆಂಡತಿಯ ಮೊಬೈಲ್ ಇಸಿದುಕೊಂಡು ತೆರೆದು ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, ಕುರ್ಚಿಯಲ್ಲಿ ಕುಸಿದರು. ತೀರ್ಪಿನಿಂದ ಹಿಂದೆ ಸರಿಯುತ್ತೇನೆ ಎಂದೆ. ಬೇರೆಯವರು ನೋಡಿಲ್ಲವೆಂದು ಏನು ಗ್ಯಾರಂಟಿ, ನೀನೊಬ್ಬಳು ಸರಿದರೆ ಸಾಲದು ಎಂದರು. ದಾರಿ ತೋರಿದವರು ಅವರ ಹೆಂಡತಿ. ಕಾಫಿ ಪೊಟ್ಟಣಗಳಿದ್ದ ಕೋಣೆಗೆ ಒಬ್ಬರೇ ಹೋಗಿ, ಚಿಲಕ ಹಾಕಿಕೊಂಡು, ಎಲ್ಲ ನಂಬರ್ ಕಿತ್ತು ಮನಸ್ಸಿಗೆ ಬಂದಂತೆ ಬೇರೆ ಅಂಟಿಸಿದರು. ಯಾವುದು ಯಾರದೆಂದು ಬರೆದಿಟ್ಟುಕೊಂಡರು, ಗಂಡನಿಗೂ ಹೇಳಲಿಲ್ಲ. ಅಷ್ಟರಲ್ಲಿ ನಾನು ಪುಟಗಳನ್ನೆಲ್ಲ ಅಳಿಸಿ ಹೊಸ ಆವೃತ್ತಿ ಹಾಕಿಕೊಟ್ಟೆ.

ಮರುದಿನ ಕಾರ್ಯದರ್ಶಿಗಳು ನಡೆದದ್ದನ್ನು ಎಲ್ಲರೆದುರು ಹೇಳಿಬಿಟ್ಟರು. ಸಭೆಯಲ್ಲಿ ಗುಸುಗುಸು ಎದ್ದಿತು. ನಾನು ಚಮಚ ಹಿಡಿದು ಕಪ್ಪಿಂದ ಕಪ್ಪಿಗೆ ಹೋಗಿ ಸೊರ್ರೆಂದು ಎಳೆದು, ನಾಲಿಗೆಗೆ ಅನ್ನಿಸಿದ್ದನ್ನು ಬರೆಯುತ್ತ ಹೋದೆ.

ಫಲಿತಾಂಶ ಬಂತು. ಅತ್ತೆಗೆ ಮೂರನೆಯ ಸ್ಥಾನ! ನಾನು ಕುಣಿಯುವುದೊಂದು ಬಾಕಿ. ತೀರ್ಪುಗಾರರು ಬರೆದದ್ದನ್ನು ಅತ್ತೆ ಅಲ್ಲೇ ಗಟ್ಟಿಯಾಗಿ ಓದತೊಡಗಿದರು. ಒಬ್ಬರು ಜೇನಿನ ಸಿಹಿ ಎಂದಿದ್ದರು, ಇನ್ನೊಬ್ಬರು ಕಿತ್ತಳೆಯ ಪರಿಮಳ ಎಂದಿದ್ದರು. ಕೊನೆಯ ಹಾಳೆಯನ್ನು ಕಣ್ಣ ಹತ್ತಿರ ಹಿಡಿದರು.

“‘ಹುಳಿ ಹೆಚ್ಚು, ಬಾಯಲ್ಲಿ ನಿಲ್ಲುವುದಿಲ್ಲ.’ ಇದ್ಯಾರು ಬರ್ದಿದ್ದು?”

ಎಲ್ಲರಿಗಿಂತ ಕಡಿಮೆ ಅಂಕವೂ ಅದರಲ್ಲೇ ಇತ್ತು.

“ನಾನೇ ಅತ್ತೆ,” ಎಂದೆ.

ಸಭೆ ಗೊಳ್ಳೆಂದು ನಕ್ಕಿತು. ಅತ್ತೆ ಮಾತ್ರ ನಗಲಿಲ್ಲ. ಆ ಹಾಳೆಯನ್ನು ಮಡಚಿ ಬ್ಯಾಗಿನಲ್ಲಿ ಹಾಕಿಕೊಂಡು ನನ್ನ ಕೈ ಹಿಡಿದರು.

“ಇದನ್ನೇ ಕಟ್ಟು ಹಾಕಿಸ್ತೀನಿ ಮಗಾ,” ಎಂದರು. “ಇನ್ಯಾರೂ ನಮ್ಮ ಕಾಫಿ ಬಗ್ಗೆ ಆಡ್ಕೊಳ್ಳೋ ಹಾಗಿಲ್ಲ.”