ಎತ್ತಬೇಡಿ ಅಕ್ಕನ ತಿರುವು

ಬೆಳಗಿನ ಐದೂವರೆ. ಹೆದ್ದಾರಿಯ ತಿರುವಿನಲ್ಲಿ ಪಂಕ್ಚರ್ ಅಂಗಡಿಯ ಒಡತಿ ಪೊರಕೆ ಹಿಡಿದು ನಿಂತಿದ್ದಾರೆ. ಗುಡಿಸುತ್ತಿರುವುದು ಅಂಗಡಿಯನ್ನಲ್ಲ, ರಸ್ತೆಯನ್ನು. ಲಾರಿಗಳು ಚೆಲ್ಲಿಹೋದ ಮರಳನ್ನು ಅಂಚಿಗೆ ತಳ್ಳಿ, ಬಿಳಿ ಬಣ್ಣ ಬಳಿದ ನಾಲ್ಕು ಹಳೆಯ ಟೈರುಗಳನ್ನು ಬಾಗಿಲ ಬಳಿ ಸಾಲಾಗಿ ನಿಲ್ಲಿಸುತ್ತಾರೆ. ತಗಡಿನ ಡಬ್ಬಿಯಲ್ಲಿ ಒಗೆದ ಬಟ್ಟೆಗಳಿವೆಯೇ ಎಂದು ನೋಡುತ್ತಾರೆ. ಗಾಳಿ ಯಂತ್ರಕ್ಕೆ ಜೀವ ಬರುವುದು ಆಮೇಲೆಯೇ. ದಿನಕ್ಕೆ ಎಂಟೋ ಹತ್ತೋ ಪಂಕ್ಚರ್, ಹೊಟ್ಟೆಪಾಡಿಗೆ ಅಷ್ಟು ಸಾಕು. ಆದರೆ ಅವರ ನಿಜವಾದ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುವವರೂ ‘ಎತ್ತಬೇಡಿ ಅಕ್ಕ’ ಎಂದರೆ ನೇರ ಇಲ್ಲಿಗೇ ಕೈ ತೋರಿಸುತ್ತಾರೆ.

ತಿರುವಿನಲ್ಲಿ ಏನಾದರೂ ಬಿದ್ದ ಸದ್ದಾದರೆ ಸಾಕು, ಅಕ್ಕನ ಕೈಯ ಸ್ಪ್ಯಾನರ್ ಕೆಳಗಿಳಿಯುತ್ತದೆ. ಮೊದಲು ಟೈರುಗಳು ರಸ್ತೆಗೆ ಉರುಳುತ್ತವೆ; ಹಿಂದೆ ಬರುವ ವಾಹನ ನಿಲ್ಲದಿದ್ದರೆ ಒಬ್ಬರಿದ್ದ ಗಾಯಾಳು ಇಬ್ಬರಾದಾರು. ಆಮೇಲೆ ಬಿದ್ದವರ ತಲೆಯ ಹಿಂದೆ ಕುಳಿತು, ಮೊಣಕೈಗಳನ್ನು ನೆಲಕ್ಕೂರಿ, ತಲೆಯನ್ನು ಎರಡು ಅಂಗೈಗಳ ನಡುವೆ ಅಲುಗದಂತೆ ಹಿಡಿಯುತ್ತಾರೆ. ಕಣ್ಣು ಉಸಿರಾಟದ ಮೇಲೆ. ರಕ್ತ ಹರಿಯುತ್ತಿದ್ದರೆ ಪಕ್ಕದವರ ಕೈಗೆ ಬಟ್ಟೆ ಕೊಟ್ಟು ಒತ್ತಿ ಹಿಡಿಸುತ್ತಾರೆ. ನೀರು ಕುಡಿಸಲು ಬಂದವರಿಗೆ ಬೈಗುಳ, ಎಬ್ಬಿಸಲು ಬಂದವರಿಗೆ ‘ಎತ್ತಬೇಡಿ’ ಎಂಬ ಕೂಗು. ವಾಹನಕ್ಕೆ ಬೆಂಕಿ ಹತ್ತುವ ಭಯವಿದ್ದರೆ ಮಾತ್ರ ಜಾಗ ಬದಲಿಸುವುದು.

“ಎಲ್ರೂ ಫೋನ್ ಮಾಡಿ ಅಂದ್ರೆ ಯಾರೂ ಮಾಡಲ್ಲ. ಏ ಕೆಂಪು ಅಂಗಿ, ಆಂಬುಲೆನ್ಸಿಗೆ ನೀನು ಮಾಡು ಅನ್ಬೇಕು. ಆಗ ಅವನಿಗೆ ತಪ್ಪಿಸ್ಕೊಳ್ಳೋಕೆ ದಾರಿ ಇರಲ್ಲ” ಎನ್ನುತ್ತಾರೆ.

ಈ ಬುದ್ಧಿ ಪೆಟ್ಟು ತಿಂದು ಬಂದದ್ದು. ಹನ್ನೆರಡು ವರ್ಷಗಳ ಹಿಂದೆ ಪಕ್ಕದ ಬೀದಿಯ ಕ್ಷೌರದಂಗಡಿಯವನು ಸ್ಕೂಟರಿನಿಂದ ಬಿದ್ದಾಗ ಎಲ್ಲರಿಗಿಂತ ಮುಂದೆ ಓಡಿದವರೂ ಇವರೇ, ಕಂಕುಳಿಗೆ ಕೈಹಾಕಿ ಎತ್ತಿದವರೂ ಇವರೇ. ಇನ್ನಿಬ್ಬರು ಕಾಲು ಹಿಡಿದರು. ಮೂಟೆಯಂತೆ ಮಡಚಿ ಕಾರಿನ ಹಿಂದಿನ ಸೀಟಿಗೆ ತುಂಬಿದರು. ಕತ್ತಿನ ಮೂಳೆಗೆ ಪೆಟ್ಟಾಗಿತ್ತು. ಬಿದ್ದಾಗ ಆದದ್ದೋ ಎತ್ತಿದಾಗ ಆದದ್ದೋ ಹೇಳಲಾಗದು ಎಂದರು ವೈದ್ಯರು. ಎರಡು ವರ್ಷ ಅವನ ಬಲಗೈ ಕತ್ತರಿ ಹಿಡಿಯಲಿಲ್ಲ.

“ಒಳ್ಳೇದು ಮಾಡೋಕೆ ಹೋಗಿ ಅವನ ಅನ್ನ ಕಿತ್ಕೊಂಡೆನೇನೋ ಅಂತ ಕೊರಗಿಬಿಟ್ಟೆ” ಎನ್ನುವಾಗ ಅಕ್ಕನ ದನಿ ಇಂದಿಗೂ ಇಳಿಯುತ್ತದೆ.

ಕೊರಗುತ್ತಾ ಕೂರುವ ಜಾಯಮಾನ ಅವರದಲ್ಲ. ಆಂಬುಲೆನ್ಸಿನ ನರ್ಸ್ ಒಬ್ಬರ ಬೆನ್ನು ಬಿದ್ದು ಕಲಿತರು. ಅಭ್ಯಾಸಕ್ಕೊಂದು ತಲೆ ಬೇಕಲ್ಲ? ಮನೆಯಲ್ಲಿ ಗಂಡನದಿತ್ತು. ಮನೆಮನೆಗೆ ಪೇಪರ್ ಹಾಕುವ ಯಜಮಾನರು ಭಾನುವಾರ ಮಧ್ಯಾಹ್ನ ಚಾಪೆಯ ಮೇಲೆ ಗಾಯಾಳುವಾಗಿ ಮಲಗಬೇಕು. ಎರಡೇ ನಿಮಿಷಕ್ಕೆ ಗೊರಕೆ. ಪ್ರಜ್ಞೆ ತಪ್ಪಿದೆ ಎಂದುಕೊಂಡು ಹೆಂಡತಿ ಪಾಠ ಮುಂದುವರಿಸುತ್ತಿದ್ದರಂತೆ.

ಕಳೆದ ತಿಂಗಳು ಆ ಪಾಠಕ್ಕೆ ಪರೀಕ್ಷೆ ಬಂತು. ಮುಂಜಾನೆ ಸದ್ದು ಕೇಳಿ, ಟೈರು ಉರುಳಿಸಿ ಓಡಿದರೆ ರಾತ್ರಿಯ ಮಳೆಗೆ ನೆಂದ ರಸ್ತೆ ತುಂಬ ಚೆಲ್ಲಾಪಿಲ್ಲಿಯಾದ ಪತ್ರಿಕೆಗಳು. ನಡುವೆ ಅಂಗಾತ ಬಿದ್ದವರು ಯಜಮಾನರೇ. ನಾಯಿ ತಪ್ಪಿಸಲು ಹೋಗಿ ಮೊಪೆಡ್ ಮಗುಚಿತ್ತು. ಅಕ್ಕನ ಕೈಗಳು ಆಗಲೇ ತಲೆ ಹಿಡಿದಿದ್ದವು.

“ಎಬ್ಬಿಸೇ, ಪೇಪರೆಲ್ಲ ಒದ್ದೆಯಾಗ್ತಿದೆ” ಎಂದರು ಅವರು.

“ಪೇಪರ್ ನಾಳೇನೂ ಬರುತ್ತೆ. ನೀವು ಅಲ್ಲಾಡ್ಬೇಡಿ ಕಣ್ರೀ.”

ಜನ ಸೇರಿದರು. ಕಟ್ಟಿಕೊಂಡ ಗಂಡನನ್ನೇ ನೆಲದಲ್ಲಿ ಮಲಗಿಸಿದ್ದಾಳಲ್ಲ, ಎಂಥ ಕಲ್ಲೆದೆ ಎಂದು ಯಾರೋ ಗೊಣಗಿದರು. ಕಾರು ತಂದು ನಿಲ್ಲಿಸಿದವರೊಬ್ಬರು ಎತ್ತಲು ಬಗ್ಗಿಯೇಬಿಟ್ಟರು. ಅಕ್ಕನಿಗೂ ಒಳಗೊಳಗೇ ಎತ್ತಿಬಿಡೋಣ ಎನ್ನಿಸಿತ್ತು. ಕ್ಷೌರದವನ ಬಲಗೈ ನೆನಪಾಯಿತು. ಬಗ್ಗಿದವರನ್ನು ಗದರಿ ಹಿಂದಕ್ಕೆ ಕಳಿಸಿದರು.

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದು ಆಂಬುಲೆನ್ಸ್ ಬರುವ ತನಕ, ಬರೋಬ್ಬರಿ ಇಪ್ಪತ್ಮೂರು ನಿಮಿಷ ನಡೆಯಿತು. ಅದನ್ನು ಶುರು ಮಾಡಿದ್ದು ಅಕ್ಕನೇ. ಯಜಮಾನರ ಕಣ್ಣು ಮುಚ್ಚತೊಡಗಿದಾಗ ನಾದಿನಿಯ ಮದುವೆಯ ಹಳೇ ತಕರಾರು ಕೆದಕಿದರು. ಅವರಿಗೆ ಸರ್ರನೆ ಸಿಟ್ಟು ಬಂತು, ಸಿಟ್ಟಿನ ಜೊತೆ ಎಚ್ಚರವೂ. ತಲೆ ಆಡಿಸದೆ ಬಾಯಲ್ಲೇ ಬೈಯಿರಿ ಎಂದು ಅಕ್ಕ ಹೇಳಿಕೊಟ್ಟರು. ಸುತ್ತ ನಿಂತವರಿಗೆ ನಗು ತಡೆಯಲಾಗಲಿಲ್ಲ.

ಕತ್ತಿನ ಮೂಳೆ ಬಿರುಕು ಬಿಟ್ಟಿತ್ತು. ಮಡಚಿ ಕಾರಿಗೆ ತುಂಬಿದ್ದರೆ ಕೈಕಾಲು ಕೈಕೊಡುತ್ತಿದ್ದವು ಎಂದು ವೈದ್ಯರು ಈ ಬಾರಿ ಖಚಿತವಾಗಿಯೇ ಹೇಳಿದರು. ಈಗ ಕೊರಳಿಗೆ ಆರು ವಾರದ ಪಟ್ಟಿ. ಕ್ಷೌರದವನು ತಾನಾಗಿಯೇ ಮನೆಗೆ ಬಂದು ಅವರ ಗಡ್ಡ ಕೆರೆದು ಹೋಗುತ್ತಾನೆ, ಅದೇ ಬಲಗೈಯಲ್ಲಿ. ಹೆಂಡತಿ ಏನಂದರೂ ‘ಇಲ್ಲ’ ಎಂದು ತಲೆಯಾಡಿಸುವಂತಿಲ್ಲ ಎಂಬುದೊಂದೇ ಯಜಮಾನರ ದುಃಖ.

ಇವತ್ತು ಬಿಸಿಲೇರುವ ಹೊತ್ತಿಗೆ ಅವರು ಮೊದಲ ಬಾರಿ ಒಬ್ಬರೇ ಅಂಗಡಿಯವರೆಗೆ ನಡೆದು ಬಂದಿದ್ದಾರೆ. ಕತ್ತು ನೆಟ್ಟಗೆ, ಹೆಜ್ಜೆ ನಿಧಾನ. ಅಕ್ಕ ಓಡಿಹೋಗಿ ಕೈ ಹಿಡಿಯುವುದಿಲ್ಲ. ಟ್ಯೂಬು ಕೈಯಲ್ಲಿ ಹಿಡಿದು, ಅವರು ಬೆಂಚಿನ ಮೇಲೆ ಕೂರುವವರೆಗೂ ಕಣ್ಣು ತುಂಬಿಕೊಂಡು ನೋಡುತ್ತಾರೆ. ಅಂತೂ ಗಂಡನನ್ನು ನೀವೇ ಎಬ್ಬಿಸಿ ನಿಲ್ಲಿಸಿದಿರಿ ಎಂದು ಗಿರಾಕಿಯೊಬ್ಬರು ಹೊಗಳುತ್ತಾರೆ.

“ನಾನೆಲ್ಲಿ ಎಬ್ಬಿಸ್ದೆ?” ಎನ್ನುತ್ತಾರೆ ಅಕ್ಕ, ಕಣ್ಣೊರೆಸಿಕೊಂಡು. “ಅವರಾಗೇ ಎದ್ದು ಬಂದ್ರು.”